ಮೂಲ್ಕಿಯಲ್ಲಿ ಒಬ್ಬಳೇ ಒಂದು ವಾರ, ಸರ್ಫಿಂಗ್ ಕಲಿಯೋಕೆ: ದಸರಾ ರಜೆಯೋ, ಮೇ ತಿಂಗಳೋ?

ಬಯಲುಸೀಮೆ

ನಮಸ್ಕಾರ. ನಾನು ಚಿತ್ರದುರ್ಗದವಳು, ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಸಮುದ್ರ ಅಂದ್ರೆ ಮಕ್ಕಳನ್ನ ಮಲ್ಪೆಗೆ ಟೂರ್ ಕರ್ಕೊಂಡು ಹೋದಾಗ ಮೊಣಕಾಲುದ್ದ ನೀರಲ್ಲಿ ನಿಂತು ತಲೆ ಎಣಿಸಿದ್ದಷ್ಟೇ. ಈ ಸಲ ರಜೆಯಲ್ಲಿ ಒಂದು ವಾರ ನನಗೋಸ್ಕರ ಇಟ್ಕೊಂಡಿದ್ದೀನಿ. ಮೂಲ್ಕಿಗೆ ಬಂದು ಸರ್ಫಿಂಗ್ ಕಲಿಯಬೇಕು ಅಂತ ತುಂಬಾ ದಿನದ ಆಸೆ. ಗೋವಾ, ಗೋಕರ್ಣ ಬೇಡ. ರಾತ್ರಿ ಒಂಬತ್ತಕ್ಕೆಲ್ಲ ಮಲಗೋ ಊರು ಬೇಕು.

ಈಜು ನಗರಸಭೆ ಈಜುಕೊಳದಲ್ಲಿ ಕಲಿತದ್ದು. ಈ ತುದಿಯಿಂದ ಆ ತುದಿಗೆ ನಿಲ್ಲದೆ ಹೋಗ್ತೀನಿ, ಅಲೆ ಇರೋ ನೀರಲ್ಲಿ ಈಜಿಲ್ಲ. ಮನೆಯಲ್ಲಿ ಎಲ್ಲರೂ ಹೋಗಿ ಬಾ ಅಂದಿದ್ದಾರೆ. ಅತ್ತೆಗೆ ಮಾತ್ರ ಭಯ. ಅವರಿಗೆ ಸಮಾಧಾನ ಹೇಳೋಕೆ ನನಗೇ ಸರಿಯಾಗಿ ಗೊತ್ತಿರಬೇಕಲ್ಲ, ಅದಕ್ಕೆ ಇಲ್ಲಿ ಕೇಳ್ತಿದ್ದೀನಿ.

ದಸರಾ ರಜೆಯಲ್ಲೂ ಬರಬಹುದು, ಮೇ ತಿಂಗಳಲ್ಲೂ ಬರಬಹುದು. ಹೊಸಬರಿಗೆ ಯಾವುದು ಒಳ್ಳೇದು? ಹೆಂಗಸು ಒಬ್ಬಳೇ ಉಳಿದ್ರೆ ತೊಂದರೆ ಇಲ್ವಾ? ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಅದು ಮೀನುಗಾರರ ಊರು. ಅವರು ದುಡಿಯೋ ಜಾಗದಲ್ಲಿ ನಾನು ಬೋರ್ಡ್ ಹಿಡ್ಕೊಂಡು ಆಡ್ತಿದ್ರೆ ಅವರಿಗೆ ಅಡ್ಡ ಆಗಲ್ವಾ? ಬೆಳಗ್ಗೆ ಕಲಿಕೆ ಮುಗಿದ ಮೇಲೆ ಉಳಿದ ಹೊತ್ತು ಏನು ಮಾಡಬಹುದು ಅನ್ನೋದನ್ನೂ ಹೇಳಿ. ಮೀನು ತಿನ್ತೀನಿ, ಆದ್ರೆ ಕೆರೆ ಮೀನಿನ ರುಚಿ ಬಿಟ್ಟು ಬೇರೆ ಗೊತ್ತಿಲ್ಲ.

ಎಕ್ಸ್‌ಪ್ರೆಸ್ ಬಸ್

ದಾರಿ ನಾನು ಹೇಳ್ತೇನೆ, ಉಳಿದದ್ದು ಊರಿನವರು ಹೇಳಲಿ. ಶಿವಮೊಗ್ಗಕ್ಕೆ ಬಂದು, ತೀರ್ಥಹಳ್ಳಿ, ಆಗುಂಬೆ ಮೇಲೆ ಉಡುಪಿಗೆ ಇಳಿಯುವ ಮಿನಿ ಬಸ್ ಹಿಡೀರಿ. ಘಾಟಿಯ ತಿರುವಲ್ಲಿ ದೊಡ್ಡ ಬಸ್ಸು ಬರುವುದಿಲ್ಲ. ವಾಂತಿ ಆಗುವವರಾದ್ರೆ ಮುಂದಿನ ಸೀಟು ಕೇಳಿ. ಉಡುಪಿಯಲ್ಲಿ ಮಂಗಳೂರು ಬಸ್ ಹತ್ತಿ, ಕಾಪು, ಪಡುಬಿದ್ರಿ, ಹೆಜಮಾಡಿ ಕಳೆದು ಶಾಂಭವಿ ಸೇತುವೆ ದಾಟಿದ್ರೆ ಮೂಲ್ಕಿ. ಉಡುಪಿಯಿಂದಲೂ ಮಂಗಳೂರಿನಿಂದಲೂ ಸುಮಾರು 30 ಕಿ.ಮೀ., ಸರಿ ಮಧ್ಯದಲ್ಲಿ ಉಂಟು. ಹೆದ್ದಾರಿ 66ರ ಮೇಲೆಯೇ ಊರು, ಹಾಗಾಗಿ ಬಸ್ಸಿಗೆ ಕಾಯಬೇಕಂತಿಲ್ಲ. ಸಸಿಹಿತ್ಲು ಬೀಚಿಗೆ ಹೋಗುವುದಾದ್ರೆ ಮೂಲ್ಕಿ ಬಿಟ್ಟು ಮುಂದೆ ಹಳೆಯಂಗಡಿಯಲ್ಲಿ ಇಳಿದು ರಿಕ್ಷಾ ಮಾಡಬೇಕು.

ಅಳಿವೆಬಾಗಿಲು

ಅಕ್ಕ, ನಾನು ಮೂಲ್ಕಿಯವಳೇ. ತವರು ಕೊಳಚಿಕಂಬಳದ ಹತ್ತಿರ, ಈಗ ಕೆಲಸ ಮಂಗಳೂರಲ್ಲಿ. ಅಪ್ಪನದ್ದು ನಾಡದೋಣಿ. ತಮ್ಮನ ಮಗಳು ಸರ್ಫಿಂಗ್ ಮಾಡ್ತಾಳೆ. ಎರಡೂ ಕಡೆಯದ್ದು ಮನೆಯಲ್ಲೇ ನೋಡಿದವಳು, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ದಸರಾ ರಜೆಗೇ ಬನ್ನಿ. ಮೇ ಬೇಡ. ಮೇ ಕೊನೆ ಹತ್ತಿರ ಬಂದ ಹಾಗೆ ನಮ್ಮ ಕಡಲು ಏಳ್ತದೆ. ಇಲ್ಲಿ ಗಾಳಿ ಇಲ್ಲದಿದ್ರೂ ದೂರದ ದಕ್ಷಿಣ ಸಮುದ್ರದಲ್ಲಿ ಎದ್ದ ಗಾಳಿಯ ಅಲೆ ಸಾವಿರಾರು ಮೈಲು ದಾಟಿ ನಮ್ಮ ದಡಕ್ಕೆ ಬಂದು ಬಡೀತದೆ. ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನವರು ಅದಕ್ಕೆ ಎಚ್ಚರಿಕೆ ಕೊಡ್ತಾರೆ, ಪೇಪರಲ್ಲೂ ಬರ್ತದೆ. ಕಲಿತವರಿಗೆ ಅದೇ ಬೇಕು. 2016ರಲ್ಲಿ ಮೊದಲ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಮ್ಮ ಸಸಿಹಿತ್ಲಿನಲ್ಲಿ ಆದದ್ದು ಮೇ ತಿಂಗಳಲ್ಲೇ. ಆದರೆ ಬೋರ್ಡಿನ ಮೇಲೆ ಮೊದಲ ಸಲ ಮಲಗುವವರಿಗೆ ಸೊಂಟದೆತ್ತರದ, ಮುರಿದು ನೊರೆಯಾಗಿ ಬರುವ ಸಣ್ಣ ಅಲೆ ಸಾಕು. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ನಡುವಿನಿಂದ, ಅಂಥ ಅಲೆ ಸಿಗ್ತದೆ. ಡಿಸೆಂಬರ್, ಜನವರಿಯಲ್ಲಿ ಇನ್ನೂ ಸೌಮ್ಯ. ದಸರಾ ಸೆಪ್ಟೆಂಬರ್ ಕೊನೆಗೇ ಬಿದ್ದ ವರ್ಷವಾದ್ರೆ ರಜೆಯ ಕೊನೆ ದಿನಗಳನ್ನು ಇಟ್ಟುಕೊಳ್ಳಿ.

ಇನ್ನು ಒಂದು ಮಾತು, ಇದನ್ನು ದಯವಿಟ್ಟು ಗಟ್ಟಿಯಾಗಿ ಮನಸ್ಸಲ್ಲಿ ಇಡಿ. ಮೂಲ್ಕಿಗೆ ಬಂದವರೆಲ್ಲ ಕಡಲನ್ನೇ ನೋಡ್ತಾರೆ. ನೀವು ಮೊದಲು ಅಳಿವೆ ನೋಡಿ. ಬಡಗು ಕಡೆಯಿಂದ ಶಾಂಭವಿ ಬರ್ತದೆ, ತೆಂಕು ಕಡೆಯಿಂದ ನಂದಿನಿ ಕಡಲ ಬದಿಯಲ್ಲೇ ಹರಿದುಕೊಂಡು ಬರ್ತದೆ, ಎರಡೂ ಒಂದೇ ಬಾಗಿಲಲ್ಲಿ ಕಡಲಿಗೆ ಸೇರ್ತವೆ. ಆ ಬಾಗಿಲಿನ ತೆಂಕಕ್ಕೆ ಸಸಿಹಿತ್ಲು, ದಕ್ಷಿಣ ಕನ್ನಡ. ಬಡಗಕ್ಕೆ ಹೆಜಮಾಡಿ ಕೋಡಿ, ಉಡುಪಿ ಜಿಲ್ಲೆ. ನದಿಗಳು ತಂದ ಹೊಯ್ಗೆ, ಅಂದ್ರೆ ಮರಳು, ಬಾಗಿಲಿನ ಹೊರಗೆ ದಿಣ್ಣೆಯಾಗಿ ಕೂರ್ತದೆ. ಕಡಲ ಅಲೆ ಆ ದಿಣ್ಣೆಗೆ ತಾಗಿ ಎದ್ದು ಮುರೀತದೆ. ಇಲ್ಲಿ ಸರ್ಫಿಂಗಿಗೆ ಒಳ್ಳೆಯ ಅಲೆ ಇರುವುದೇ ಆ ಹೊಯ್ಗೆಯಿಂದ. ಪ್ರತಿ ಮಳೆಗಾಲದ ನೆರೆ ಬಂದು ದಿಣ್ಣೆಯನ್ನು ಆಚೀಚೆ ಸರಿಸ್ತದೆ. ಹೋದ ವರ್ಷ ದೋಣಿ ಹೋಗುತ್ತಿದ್ದ ದಾರಿಯಲ್ಲಿ ಈ ವರ್ಷ ಸೊಂಟದುದ್ದ ನೀರಿರಬಹುದು. ಅಪ್ಪ ಮಳೆಗಾಲ ಕಳೆದ ಮೇಲೆ ಮೊದಲ ಸಲ ಹೊರಗೆ ಹೋಗುವ ಮುಂಚೆ ದಡದಲ್ಲಿ ಕೂತು ನೀರು ಎಲ್ಲಿ ಬಿಳಿ ಆಗ್ತದೆ, ಎಲ್ಲಿ ಕಪ್ಪಾಗಿ ಸುಮ್ಮನೆ ಉಂಟು ಅಂತ ಗಂಟೆಗಟ್ಟಲೆ ನೋಡ್ತಿದ್ದರು. ಬಿಳಿ ಇದ್ದಲ್ಲಿ ಆಳ ಕಡಿಮೆ. ಕಪ್ಪಾಗಿ ಸುಮ್ಮನಿದ್ದಲ್ಲಿ ನೀರು ಹೊರಗೆ ಎಳೀತಾ ಇರ್ತದೆ. ಹೊಸಬರು ಅಲ್ಲೇ ಅಲೆ ಇಲ್ಲ, ಒಳ್ಳೇದು ಅಂತ ಇಳೀತಾರೆ. ಅಪಾಯ ಇರುವುದು ಅಲ್ಲೇ.

ಇಳಿತದ ಹೊತ್ತಿಗೆ ಎರಡು ನದಿಯ ನೀರು ಒಟ್ಟಿಗೆ ಹೊರಗೆ ಹೋಗುವಾಗ ಅಳಿವೆಯಲ್ಲಿ ಎಂಥಾ ಈಜುಗಾರನೂ ಎದುರು ಈಜಲಿಕ್ಕಾಗುವುದಿಲ್ಲ. ಕಲಿಸುವವರು ನಿಮ್ಮನ್ನು ಬಾಗಿಲಿನಿಂದ ದೂರ, ಅಡಿಯಲ್ಲಿ ಹೊಯ್ಗೆ ಸಮತಟ್ಟಾಗಿರುವಲ್ಲಿ ಇಳಿಸ್ತಾರೆ. ಅವರು ತೋರಿಸಿದ ಗೆರೆ ದಾಟಬೇಡಿ. ಎಲ್ಲಿಯಾದ್ರೂ ಸೆಳೆತಕ್ಕೆ ಸಿಕ್ಕಿದ್ರೆ ದಡದ ಕಡೆಗೆ ಒದ್ದಾಡಬೇಡಿ, ಬೋರ್ಡ್ ಬಿಡಬೇಡಿ. ಅದು ತೇಲ್ತದೆ, ನಿಮ್ಮನ್ನೂ ತೇಲಿಸ್ತದೆ. ಅದರ ಮೇಲೆ ಮಲಗಿ ಕೈ ಎತ್ತಿ. ಸೆಳೆತ ಅಗಲ ಇರುವುದಿಲ್ಲ, ದಡಕ್ಕೆ ಸಮಾನಾಂತರವಾಗಿ ಬದಿಗೆ ಸರಿದ್ರೆ ಬಿಡ್ತದೆ. ನಿಮ್ಮ ಅತ್ತೆಗೆ ಇದನ್ನೇ ಹೇಳಿ, ಹೆದರಿಕೆ ಬೇಡವೇ ಬೇಡ ಅಂತ ಹೇಳಬೇಡಿ. ಅವರ ಹೆದರಿಕೆಯಲ್ಲಿ ಅರ್ಥ ಉಂಟು.

ಹೊತ್ತಿನ ವಿಷಯ ನಿಮಗೆ ಬೇಗ ಅರ್ಥ ಆಗ್ತದೆ, ನೀವೇ ಮಕ್ಕಳಿಗೆ ಹೇಳಿಕೊಡುವ ನೆಲಗಾಳಿ, ಕಡಲಗಾಳಿ ಪಾಠವೇ ಅದು. ಬೆಳಗ್ಗೆ ಗಾಳಿ ದಡದಿಂದ ಕಡಲಿಗೆ ಹೋಗ್ತದೆ, ಅಲೆಯ ಮೈ ನಯ ಇರ್ತದೆ, ನಿಂತು ಮುರೀತದೆ. ಹನ್ನೊಂದು ಕಳೆದು ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿಂದ ಬೀಸ್ತದೆ, ಅಲೆ ಚೂರುಚೂರಾಗ್ತದೆ. ಹಾಗಾಗಿ ಆರು ಗಂಟೆಗೆ ನೀರಿನ ಹತ್ತಿರ ಇರಬೇಕು. ಅಪ್ಪನವರ ದೋಣಿ ಕಸುಬೂ ಇದೇ ಗಾಳಿ ನೋಡಿಯೇ ನಡೀತಿತ್ತು.

ಅಡ್ಡ ಆಗ್ತದಾ ಅಂತ ಕೇಳಿದ್ರಲ್ಲ, ಹಾಗೆ ಕೇಳಿದ್ದಕ್ಕೇ ನನಗೆ ಖುಷಿ ಆಯ್ತು. ಕೇಳುವವರು ಕಡಿಮೆ. ಮೂಲ್ಕಿ ಮಲ್ಪೆಯ ಹಾಗೆ ದೊಡ್ಡ ಬಂದರಲ್ಲ, ಇಲ್ಲಿ ಹೆಚ್ಚು ಸಣ್ಣ ದೋಣಿಗಳೇ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆಗ ನಾಡದೋಣಿಯವರದ್ದೇ ಕಾಲ, ಒಮ್ಮೆ ತೂಫಾನ್ ಎದ್ದು ಮೀನು ದಡಕ್ಕೆ ಬರಲಿ ಅಂತ ಕಾಯ್ತಾರೆ. ಅಕ್ಟೋಬರಿನಲ್ಲಿ ಬಂದ್ರೆ ದಡದಲ್ಲಿ ಕೈರಂಪಣಿ ಎಳೆಯುವುದು ನೋಡಬಹುದು. ಬಲೆಯನ್ನು ದೋಣಿಯಲ್ಲಿ ಕೊಂಡುಹೋಗಿ ಅರ್ಧಚಂದ್ರದ ಹಾಗೆ ಕಡಲಲ್ಲಿ ಬಿಟ್ಟು, ಎರಡು ತುದಿಯ ಹಗ್ಗವನ್ನು ದಡದಿಂದ ಎರಡು ಗುಂಪು ಎಳೀತಾರೆ. ಎಳೀತಾ ಎಳೀತಾ ಗುಂಪುಗಳು ಹತ್ತಿರ ಬರ್ತವೆ. ಆ ಹಗ್ಗದ ಒಳಗೆ ಬೋರ್ಡ್ ತಂದ್ರೆ ಮೀನು ಚದುರ್ತದೆ, ಅಷ್ಟೂ ಜನರ ಬೆಳಗಿನ ದುಡಿಮೆ ಹೋಗ್ತದೆ. ಬಲೆ ಬಿಟ್ಟದ್ದು ಕಂಡ್ರೆ ನೀರಿನಿಂದ ಮೇಲೆ ಬನ್ನಿ. ನೀರಲ್ಲಿ ಸಣ್ಣ ಬೆಂಡು ತೇಲುತ್ತಿದ್ರೆ ಅದರಡಿಯಲ್ಲಿ ಬಲೆ ಉಂಟು ಅಂತ ತಿಳಿದು ದೂರ ಇರಿ. ದೋಣಿ ಅಳಿವೆಯಿಂದ ಬರುವಾಗ ಅಲೆಯ ಬೆನ್ನಿನ ಮೇಲೆ ಬರ್ತದೆ, ನಡುವಲ್ಲಿ ನಿಲ್ಲಿಸಲಿಕ್ಕೆ ಅವರಿಂದ ಆಗುವುದಿಲ್ಲ. ನೀವೇ ದಾರಿ ಬಿಡಬೇಕು. ಒಣಗಿಸಿದ ಬಲೆಯನ್ನು ಚಪ್ಪಲಿಯಲ್ಲಿ ತುಳಿದ್ರೆ ನಮ್ಮ ಅಪ್ಪನಿಗೆ ತುಂಬಾ ಬೇಜಾರಾಗ್ತಿತ್ತು. ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಇಷ್ಟು ಮಾಡಿದ್ರೆ ಅವರೇ ಕರೆದು ಹಗ್ಗ ಕೈಗೆ ಕೊಡ್ತಾರೆ, ಎಳೆದವರಿಗೆ ಒಂದು ಮುಷ್ಟಿ ಬೂತಾಯಿ ಮೀನು ಕೊಡದೆ ಕಳಿಸುವುದಿಲ್ಲ.

ಒಂಟಿ ಪಯಣ

ಬೆಂಗಳೂರಿನವನು. ಕೆಲಸ ಬಿಟ್ಟು ಇನ್ನೊಂದು ಕೆಲಸ ಸೇರೋ ಮಧ್ಯೆ ಮೂಲ್ಕಿಯಲ್ಲಿ ಒಬ್ಬನೇ ಇದ್ದೆ. ಮೇಲಿನ ಅಕ್ಕ ಹೇಳಿದ್ದಕ್ಕೆ ಉಳಿದ ಹೊತ್ತಿನ ವಿಷಯ ಸೇರಿಸ್ತೀನಿ.

ಮೊದಲ ದಿನ ನಿಮಗೆ ಉಳಿದ ಹೊತ್ತು ಅಂತಲೇ ಇರಲ್ಲ. ಅಲೆಗೆ ಎದುರಾಗಿ ಕೈಯಲ್ಲಿ ಹುಟ್ಟು ಹಾಕಿ ಹಾಕಿ ಭುಜ ಎತ್ತೋಕಾಗಲ್ಲ. ಊಟ ಮಾಡಿ ಮಲಗಿದ್ರೆ ಏಳೋದು ಸಂಜೆ. ಮಧ್ಯಾಹ್ನ ಮೀನೂಟದ ಹೋಟೆಲಲ್ಲಿ ಕೂತ ತಕ್ಷಣ 'ಬೆಳ್ತಿಗೆಯಾ, ಕುಚ್ಚಲಾ' ಅಂತ ಕೇಳ್ತಾರೆ. ಕುಚ್ಚಲು ಅನ್ನಿ. ಆ ದಪ್ಪ ಕೆಂಪಕ್ಕಿ ಅನ್ನಕ್ಕೇ ಬಂಗುಡೆ ಪುಳಿಮುಂಚಿ ಹೊಂದೋದು. ಕೆರೆ ಮೀನು ತಿಂದವರಿಗೆ ಮೊದಲು ಕಾಣೆ ರವಾ ಫ್ರೈ ಒಳ್ಳೇದು, ಮುಳ್ಳಿನ ಕಾಟ ಕಡಿಮೆ. ಬೂತಾಯಿ ರುಚಿ ಎಲ್ಲಕ್ಕಿಂತ ಮೇಲು, ಆದ್ರೆ ಮುಳ್ಳು ಬಿಡಿಸೋದು ನಿಧಾನವಾಗಿ ಕಲೀಬೇಕು.

ಸಂಜೆ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ನಡೆದು ಹೋಗಿ, ಶಾಂಭವಿ ದಡದಲ್ಲೇ ಇದೆ. ಬಪ್ಪ ಬ್ಯಾರಿ ಅನ್ನೋ ಮುಸ್ಲಿಂ ವ್ಯಾಪಾರಿ ದೇವಿಗೆ ಗುಡಿ ಕಟ್ಟಿಸಿದ ಅನ್ನೋದು ಸ್ಥಳದ ಐತಿಹ್ಯ. ಊರಿನ ಹೆಸರಲ್ಲೇ ಅವನಿದ್ದಾನೆ. ಅಲ್ಲಿಯ ಡೋಲು ಈ ಸೀಮೆಯಲ್ಲೆಲ್ಲ ಹೆಸರುವಾಸಿ. ನೀವು ದಸರಾಕ್ಕೆ ಬಂದ್ರೆ ನವರಾತ್ರಿ ಪೂಜೆ ನಡೀತಿರುತ್ತೆ. ಬೀದಿಯಲ್ಲಿ ತಾಸೆ ಸದ್ದು ಕೇಳಿದ್ರೆ ಕೈಲಿದ್ದ ಕೆಲಸ ಬಿಟ್ಟು ಓಡಿ, ಹುಲಿವೇಷದವರು ಬಂದಿರ್ತಾರೆ. ಅದನ್ನ ನೋಡದೆ ವಾಪಸ್ ಹೋಗಬೇಡಿ.

ಇನ್ನೊಂದು ದಿನ ಕಿನ್ನಿಗೋಳಿ ಮೇಲೆ ಕಟೀಲಿಗೆ ಬಸ್ಸಲ್ಲಿ ಹೋಗಿಬನ್ನಿ. ನೀವು ಅಳಿವೆಯಲ್ಲಿ ನೋಡಿದ ಅದೇ ನಂದಿನಿ ಅಲ್ಲಿ ಬಂಡೆಗಳ ನಡುವೆ ಗುಡಿಯನ್ನ ಸುತ್ತಿಕೊಂಡು ಹರಿಯುತ್ತೆ. ಸರ್ಫಿಂಗಿಗೆ ಗಾಳಿ ಕೆಟ್ಟ ದಿನ ಶಾಂಭವಿಯಲ್ಲಿ ಕಯಾಕ್ ಮಾಡಬಹುದು. ನಿಂತು ಹುಟ್ಟು ಹಾಕೋ ಬೋರ್ಡೂ ಸಿಗುತ್ತೆ. ಆ ಆಟದಲ್ಲಿ ಹೆಸರು ಮಾಡಿದ ತನ್ವಿ ಜಗದೀಶ್ ಮೂಲ್ಕಿಯವರೇ. ಇಳಿತದ ಹೊತ್ತಲ್ಲಿ ಊರಿನವರು ನದಿಗಿಳಿದು ಹೊಯ್ಗೆಯೊಳಗೆ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿರ್ತಾರೆ, ಅವರನ್ನ ನೋಡ್ತಾ ಕೂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ.

ಉಳಿಯೋಕೆ ಎರಡು ದಾರಿ. ಕಲಿಸೋ ಕಡೆಯೇ ಕೋಣೆ ಇರುತ್ತೆ, ಅಥವಾ ಹೋಂಸ್ಟೇ. ಇಲ್ಲಿ ಸರ್ಫಿಂಗ್ ಬೇರೂರಿದ್ದು ಸರ್ಫಿಂಗ್ ಸ್ವಾಮಿ ಅಂತ ಹೆಸರಾದ ಅಮೆರಿಕ ಮೂಲದ ಸನ್ಯಾಸಿ ಜಾಕ್ ಹೆಬ್ನರ್ ಅವರ ಆಶ್ರಮದಿಂದ. ಅಲ್ಲಿಯ ಪದ್ಧತಿ ಸಸ್ಯಾಹಾರ, ಮದ್ಯ ಇಲ್ಲ. ನೀವು ಕೇಳಿದ ಒಂಬತ್ತಕ್ಕೆ ಮಲಗೋ ವಾತಾವರಣ ಅದೇ. ಮೀನು ತಿನ್ನಲೇಬೇಕು ಅಂದ್ರೆ ಹೊರಗೆ ತಿಂದು ಬನ್ನಿ.

ಬುಕ್ ಮಾಡೋ ಮುಂಚೆ ಒಬ್ಬ ಕೋಚ್‌ಗೆ ಎಷ್ಟು ಜನ ಅಂತ ಕೇಳಿ. ನಾನು ಮೊದಲು ಹೋದ ಒಂದು ಕಡೆ ದೊಡ್ಡ ಗುಂಪನ್ನ ಒಬ್ಬನೇ ಹುಡುಗನ ಕೈಗೆ ಕೊಟ್ಟಿದ್ರು. ಅವನು ಪಾಪ ಯಾರನ್ನ ಅಂತ ನೋಡ್ತಾನೆ? ಮಾರನೇ ದಿನವೇ ಬೇರೆ ಕಡೆ ಸೇರಿದೆ.

ಅಲೆ ಹುಡುಗ

ನಾನು ಮೇ ಅಂತಲೇ ಹೇಳ್ತೇನೆ. ಸ್ಪರ್ಧೆ ಇರುವಾಗ ಬಂದ್ರೆ ದೇಶದ ಒಳ್ಳೊಳ್ಳೆ ಸರ್ಫರ್‌ಗಳನ್ನು ಹತ್ತಿರದಿಂದ ನೋಡ್ಲಿಕ್ಕೆ ಸಿಗ್ತದೆ. 2023ರಲ್ಲಿ ಪಣಂಬೂರಲ್ಲಿ ಆಯ್ತು, 2024ರಲ್ಲಿ ಪುನಃ ಸಸಿಹಿತ್ಲಲ್ಲಿ. ಚೆನ್ನೈ ಕಡೆಯ ಹುಡುಗರು ಅಲೆಯಲ್ಲಿ ತಿರುಗುವುದು ನೋಡಿದ್ರೆ ಕಲಿಯುವ ಆಸೆ ಹತ್ತು ಪಾಲು ಆಗ್ತದೆ.

ಅಳಿವೆಬಾಗಿಲು

ನೋಡ್ಲಿಕ್ಕೆ ಖಂಡಿತ ಬರಲಿ, ತಮ್ಮಾ. ನಾನೂ ಪ್ರತಿ ಸಲ ಹೋಗ್ತೇನೆ. ಆದರೆ ಅವರು ಕಲೀಲಿಕ್ಕೆ ಬರುವುದು, ಅದೂ ಈಜುಕೊಳದಿಂದ ಸೀದಾ. ಆ ಅಲೆಗೆ ಮೊದಲ ಸಲ ಇಳಿಸಬಾರದು. ಅಕ್ಟೋಬರಿನಲ್ಲಿ ಕಲಿತು, ಮೇಯಲ್ಲಿ ದಡದಲ್ಲಿ ಕೂತು ನೋಡಲಿ.

ಬಯಲುಸೀಮೆ

ಇಷ್ಟು ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ದಸರಾ ರಜೆ ಅಂತ ನಿರ್ಧಾರ ಮಾಡಿದೆ. ಬಿಳಿ ನೀರು, ಕಪ್ಪು ನೀರಿನ ವಿಷಯ ಅತ್ತೆಗೆ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡ್ರು. ಅಳಿವೆಬಾಗಿಲು ಅಕ್ಕ, ಹೆಂಗಸರಿಗೆ ಮಾತ್ರ ಗೊತ್ತಾಗೋ ಒಂದೆರಡು ವಿಷಯ ಕೇಳಬೇಕು. ಬಟ್ಟೆ ಏನು ಹಾಕೋದು? ಚೂಡಿದಾರದಲ್ಲಿ ಇಳಿಯಬಹುದಾ? ಮೈಗಂಟೋ ಬಟ್ಟೆ ಹಾಕಿ ಊರೊಳಗೆ ನಡೆಯೋಕೆ ನನಗೆ ಮುಜುಗರ. ಮತ್ತೆ ಬೀಳೋದರ ಬಗ್ಗೆ. ನಲವತ್ತರ ಹತ್ತಿರ ಬಂದಿದ್ದೀನಿ, ಬಿದ್ದು ಕೈಕಾಲು ಮುರ್ಕೊಂಡ್ರೆ ಶಾಲೆಗೆ ಹೋಗೋದು ಹೇಗೆ?

ಅಳಿವೆಬಾಗಿಲು

ಚೂಡಿದಾರ ಬೇಡ ಅಕ್ಕ. ಹತ್ತಿ ಬಟ್ಟೆ ನೀರು ಕುಡಿದು ಭಾರ ಆಗ್ತದೆ, ದುಪ್ಪಟ್ಟಾ ಕಾಲಿಗೋ ಬೋರ್ಡಿನ ಹಗ್ಗಕ್ಕೋ ಸುತ್ತಿಕೊಳ್ತದೆ. ಉದ್ದ ತೋಳಿನ ಈಜು ಟೀಶರ್ಟು, ಕಾಲು ಪೂರ್ತಿ ಮುಚ್ಚುವ ಲೆಗ್ಗಿಂಗ್ಸ್, ಎರಡೂ ಬೇಗ ಒಣಗುವ ನೈಲಾನ್ ತರದ್ದು ತನ್ನಿ. ಬೋರ್ಡಿಗೆ ಉಜ್ಜಿ ಹೊಟ್ಟೆ, ಮೊಣಕೈ ತರಚುವುದೂ ತಪ್ತದೆ, ಬಿಸಿಲಿಗೂ ಒಳ್ಳೇದು. ದಡಕ್ಕೆ ಹೋಗುವಾಗ ಬರುವಾಗ ಮೇಲಿಂದ ಒಂದು ಸಡಿಲ ನೈಟಿಯೋ ಟಾಪೋ ಹಾಕಿಕೊಳ್ಳಿ. ನಮ್ಮ ಹೆಣ್ಣುಮಕ್ಕಳು ಹಾಗೇ ಹೋಗುವುದು, ಯಾರೂ ತಿರುಗಿ ನೋಡುವುದಿಲ್ಲ. ತಲೆಗೆ, ಮೈಗೆ ತೆಂಗಿನೆಣ್ಣೆ ಹಚ್ಚಿ ಬರಬೇಡಿ. ಎಣ್ಣೆ ಬೋರ್ಡಿಗೆ ತಾಗಿದ್ರೆ ಕಾಲು ನಿಲ್ಲುವುದಿಲ್ಲ. ಸ್ನಾನ ಆದ ಮೇಲೆ ಹಚ್ಚಿ.

ಬೀಳುವುದು ಖಂಡಿತ, ಅದಕ್ಕೂ ಒಂದು ಕ್ರಮ ಉಂಟು. ಹೊಸಬರಿಗೆ ಕೊಡುವ ಬೋರ್ಡ್ ಎಂಟೊಂಬತ್ತು ಅಡಿ ಉದ್ದ, ಮೇಲ್ಮೈ ಮೆತ್ತಗೆ ಫೋಮ್. ತಲೆ ಮುಂದಾಗಿ ಬೀಳಬಾರದು, ಅಡಿಯಲ್ಲಿ ಹೊಯ್ಗೆ ಎಷ್ಟು ಹತ್ತಿರ ಉಂಟು ಅಂತ ಮೇಲಿಂದ ಗೊತ್ತಾಗುವುದಿಲ್ಲ. ಬೆನ್ನೋ, ಬದಿಯೋ ಅಡ್ಡವಾಗಿ ಚಪ್ಪಟೆ ಬೀಳಿ. ನೀರಿನಿಂದ ಏಳುವಾಗ ಎರಡು ಕೈ ತಲೆಗೆ ಅಡ್ಡ ಇಟ್ಟು ಏಳಿ, ಬೋರ್ಡ್ ಕಾಲಿನ ಹಗ್ಗಕ್ಕೆ ಎಳೆದುಕೊಂಡು ವಾಪಸು ಬಂದು ಹೊಡೀತದೆ. ನಿಮಗೂ ಬರುವ ಅಲೆಗೂ ನಡುವೆ ಬೋರ್ಡ್ ಇಟ್ಟುಕೊಳ್ಳಬೇಡಿ, ಬದಿಯಲ್ಲಿ ಹಿಡ್ಕೊಳ್ಳಿ. ಸೊಂಟದುದ್ದ ನೀರಲ್ಲಿ ಕಾಲೆತ್ತಿ ಹಾಕಿ ನಡೆಯುವ ಬದಲು ಹೊಯ್ಗೆಯಲ್ಲಿ ಎಳೆದುಕೊಂಡೇ ನಡೀರಿ. ಅಳಿವೆ ಹತ್ತಿರ ತೊರಕೆ ಮೀನು ಹೊಯ್ಗೆಯಲ್ಲಿ ಅಡಗಿ ಮಲಗಿರ್ತದೆ, ಕಾಲಿನ ಸದ್ದಿಗೆ ಸರಿದು ಹೋಗ್ತದೆ. ಮೆಟ್ಟಿದ್ರೆ ಮುಳ್ಳು ಚುಚ್ತದೆ. ಹಾಗೇನಾದ್ರೂ ಆದ್ರೆ ಸುಡದಷ್ಟು ಬಿಸಿನೀರಲ್ಲಿ ಕಾಲು ಇಟ್ರೆ ನೋವು ಇಳೀತದೆ, ಆಮೇಲೆ ಡಾಕ್ಟರಿಗೆ ತೋರಿಸಲೇಬೇಕು.

ರೂಮ್ ಬುಕ್ ಮಾಡುವ ಮುಂಚೆ ಪಂಚಾಂಗ ತೆಗೀರಿ. ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಉಬ್ಬರ ಇಳಿತ ಹೆಚ್ಚು, ಅಳಿವೆಯ ಎಳೆತವೂ ಹೆಚ್ಚು. ಅಷ್ಟಮಿ ಕಳೆದ ಮೇಲಿನ ಮೂರು ನಾಲ್ಕು ದಿನ ನೀರು ಎಲ್ಲಕ್ಕಿಂತ ಶಾಂತ. ದಸರಾದಲ್ಲಿ ನಿಮಗೆ ಅದು ತಾನಾಗಿ ಸಿಗ್ತದೆ, ದುರ್ಗಾಷ್ಟಮಿಯಿಂದ ವಿಜಯದಶಮಿ ಕಳೆದು ಎರಡು ದಿನದವರೆಗೆ. ದಶಮಿ ರಾತ್ರಿ ಮಂಗಳೂರಿನ ಕುದ್ರೋಳಿ ದೇವಸ್ಥಾನದ ದಸರಾ ಮೆರವಣಿಗೆ ನೋಡ್ಲಿಕ್ಕೆ ಹೋಗುವುದಾದ್ರೆ ಮರುದಿನ ಬೆಳಗ್ಗಿನ ಕ್ಲಾಸು ಬಿಡಿ. ನಿದ್ದೆಗೆಟ್ಟು ಕಡಲಿಗೆ ಇಳಿಯಬಾರದು.

ಒಬ್ಬಳೇ ಇರುವ ಬಗ್ಗೆ ನನಗೆ ಚಿಂತೆ ಇಲ್ಲ. ಕತ್ತಲಾದ ಮೇಲೆ ಅಳಿವೆ ಕಡೆ ಜನ ಇರುವುದಿಲ್ಲ, ಅಲ್ಲಿಗೆ ಮಾತ್ರ ಹೋಗಬೇಡಿ. ತುರ್ತಿಗೆ 112. ಅತ್ತೆಗೆ ಬೆಳಗ್ಗೆ ನೀರಿನಿಂದ ಮೇಲೆ ಬಂದ ಕೂಡಲೇ ಒಂದು ಫೋನ್ ಮಾಡಿ, ಇಳಿಯುವ ಮುಂಚೆ ಬೇಡ, ಅಷ್ಟು ಹೊತ್ತೂ ಅವರು ಕಾಯುತ್ತಾ ಕೂರುವ ಹಾಗೆ ಆಗ್ತದೆ. ಬರುವ ದಿನ ಗಟ್ಟಿಯಾದ ಮೇಲೆ ನನಗೆ ಖಾಸಗಿ ಮೆಸೇಜ್ ಹಾಕಿ. ನನ್ನಮ್ಮ ಊರಲ್ಲೇ ಇರುವುದು, ನಿಮ್ಮನ್ನು ಮೀನು ಮಾರ್ಕೆಟಿಗೆ ಕರ್ಕೊಂಡು ಹೋಗ್ಲಿಕ್ಕೆ ಹೇಳ್ತೇನೆ. ಕಿವಿರು ಎತ್ತಿ ನೋಡಿ ಕೆಂಪು ಇದ್ರೆ ಮಾತ್ರ ತೆಗೀಬೇಕು, ಅದೆಲ್ಲ ಅವರೇ ತೋರಿಸ್ತಾರೆ.